ಕರಕರ ಅಂದರೆ ಮೊದಲು ವೇಗ ನೋಡಿ

"ಕಂಪ್ಯೂಟರಲ್ಲಿ ಪಿಎಸ್2 (ಪ್ಲೇಸ್ಟೇಷನ್ 2) ಗೇಮ್ ಹಾಕಿದರೆ ಮಾತೆಲ್ಲ ತುಂಡು ತುಂಡಾಗಿ ಕೇಳುತ್ತೆ. ಸೌಂಡ್ ಡ್ರೈವರ್ ಬದಲಾಯಿಸಲಾ?" ನನಗೆ ಬರುವ ಪ್ರಶ್ನೆಗಳಲ್ಲಿ ಇದೇ ಜಾಸ್ತಿ. ಡ್ರೈವರ್ ಸದ್ಯಕ್ಕೆ ಮುಟ್ಟಬೇಡಿ. ತೊಂದರೆ ಹೆಚ್ಚಾಗಿ ಶಬ್ದದ್ದಲ್ಲ, ವೇಗದ್ದು.

ಲೆಕ್ಕ ಸುಲಭ. ಪಿಎಸ್2ರ ಸೌಂಡ್ ಚಿಪ್ ಸೆಕೆಂಡಿಗೆ 48,000 ಸ್ಯಾಂಪಲ್ (ಶಬ್ದದ ಚೂರು) ಕೊಡುತ್ತದೆ. ಎಮ್ಯುಲೇಟರ್ (ಕಂಪ್ಯೂಟರನ್ನೇ ಪಿಎಸ್2ನಂತೆ ನಡೆಸುವ ಸಾಫ್ಟ್‌ವೇರ್) ಶೇ 90ರ ವೇಗದಲ್ಲಿ ಓಡಿದರೆ ಸಿಗುವುದು 43,200 ಮಾತ್ರ. ಕಂಪ್ಯೂಟರಿನ ಸೌಂಡ್ ಕಾರ್ಡ್ ತನ್ನ 48,000 ಕೇಳುತ್ತಲೇ ಇರುತ್ತದೆ. ಆ ಕೊರತೆಯೇ ಕರಕರ. ಚಿತ್ರ ಸ್ವಲ್ಪ ನಿಧಾನವಾದರೆ ಕಣ್ಣು ಸಹಿಸಿಕೊಳ್ಳುತ್ತದೆ, ಕಿವಿ ಸಹಿಸುವುದಿಲ್ಲ.

ಲ್ಯಾಪ್‌ಟಾಪ್ ಆದರೆ ಮೊದಲು ಚಾರ್ಜರ್ ಹಾಕಿ. ನಗಬೇಡಿ, ಬ್ಯಾಟರಿಯಲ್ಲಿ ಪ್ರೊಸೆಸರ್ ವೇಗ ತಗ್ಗುವುದು ಮಾಮೂಲು. ಆಮೇಲೆ ಪಿಎಸ್2 ಎಮ್ಯುಲೇಟರ್ ಪಿಸಿಎಸ್‌ಎಕ್ಸ್2ನಲ್ಲಿ ಪರದೆ ಮೇಲೆ ಅಂಕಿ ತೋರಿಸುವ ಆಯ್ಕೆ ಆನ್ ಮಾಡಿ. ವೇಗ 100ಕ್ಕಿಂತ ಕಡಿಮೆ ಇದ್ದು, ಜಿಪಿಯು (ಗ್ರಾಫಿಕ್ಸ್ ಚಿಪ್) 100ರ ಹತ್ತಿರ ಇದ್ದರೆ ರೆಸಲ್ಯೂಷನ್ ಇಳಿಸಿ. ಇಇ, ಅಂದರೆ ಪಿಎಸ್2ರ ಮುಖ್ಯ ಪ್ರೊಸೆಸರ್ ಎಮೋಶನ್ ಎಂಜಿನ್, 100 ಮುಟ್ಟಿದ್ದರೆ ಭಾರ ನಿಮ್ಮ ಕಂಪ್ಯೂಟರಿನ ಸಿಪಿಯು ಮೇಲಿದೆ. ಆಗ ರೆಸಲ್ಯೂಷನ್ ಇಳಿಸಿ ಪ್ರಯೋಜನವಿಲ್ಲ. ಎಮ್‌ಟಿವಿಯು ಅನ್ನುವ ಸೆಟ್ಟಿಂಗ್ ಆನ್ ಇದೆಯಾ ನೋಡಿ. ಅದು ಒಂದಿಷ್ಟು ಕೆಲಸವನ್ನು ಪ್ರೊಸೆಸರಿನ ಬೇರೆ ಕೋರ್‌ಗೆ ಹಾಕುತ್ತದೆ. ಹದಿನಾರು ಕೋರ್ ಇದ್ದರೂ ಇಲ್ಲಿ ಲೆಕ್ಕಕ್ಕೆ ಬರುವುದು ಒಂದೊಂದು ಕೋರ್ ಎಷ್ಟು ಚುರುಕು ಅನ್ನೋದೇ.

ಇಇ ಸೈಕಲ್ ಸ್ಕಿಪ್ (ಇಇಯ ಒಂದಿಷ್ಟು ಕೆಲಸ ಬಿಟ್ಟುಬಿಡುವ ಸೆಟ್ಟಿಂಗ್) ಹೆಚ್ಚಿಸಿ ಅನ್ನುವ ಸಲಹೆ ಎಲ್ಲ ಕಡೆ ಓಡಾಡುತ್ತದೆ. ನನಗದು ಇಷ್ಟವಿಲ್ಲ. ಎಷ್ಟೋ ಗೇಮ್‌ಗಳಲ್ಲಿ ಅಂಕಿ 100 ತೋರಿಸುತ್ತದೆ, ಗೇಮ್ ಒಳಗೇ ಕುಂಟುತ್ತದೆ. ಆಡಿಯೊದ ಟೈಮ್ ಸ್ಟ್ರೆಚ್ ಸೆಟ್ಟಿಂಗ್ ಹಾಗಲ್ಲ, ಆನ್ ಇರಲಿ ಬಿಡಿ. ಆದರೆ ಅದು ಇರುವ ಶಬ್ದವನ್ನು ಎಳೆದು ಕೊರತೆ ಮುಚ್ಚುತ್ತದೆ ಅಷ್ಟೇ, ವೇಗ ಕೊಡುವುದಿಲ್ಲ.

ವೇಗ ನಿಜಕ್ಕೂ 100 ಇದ್ದು ಕರಕರ ಬಂದರೆ ಮಾತ್ರ ಆಡಿಯೊ ಸೆಟ್ಟಿಂಗ್‌ಗೆ ಹೋಗಿ. ಬಫರ್ (ನುಡಿಸುವ ಮೊದಲು ಶಬ್ದ ಕೂಡಿಟ್ಟುಕೊಳ್ಳುವ ಜಾಗ) ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸಿ. ಜಾಸ್ತಿ ಮಾಡಿದರೆ ಗುಂಡು ಹಾರಿದ ಮೇಲೆ ಸದ್ದು ಬರುತ್ತದೆ. ಬ್ಲೂಟೂತ್ ಇಯರ್‌ಫೋನ್ ಹಾಕಿದ್ದರೆ ಆ ತಡ ಮೊದಲೇ ಇರುತ್ತದೆ. ಒಮ್ಮೆ ವೈರ್ ಹಾಕಿ ಕೇಳಿ.

ಗೇಮ್‌ಕ್ಯೂಬ್, ವೀ ಗೇಮ್‌ಗಳ ಎಮ್ಯುಲೇಟರ್ ಡಾಲ್ಫಿನ್‌ನಲ್ಲಿ ಹೊಸ ಜಾಗಕ್ಕೆ ಹೋದಾಗ ಮಾತ್ರ ಒಂದು ಕ್ಷಣ ತಡವರಿಸಿದರೆ ಅದು ಬೇರೆ ಕಥೆ. ಶೇಡರ್ (ಚಿತ್ರ ಬಿಡಿಸುವ ಪುಟ್ಟ ಪ್ರೋಗ್ರಾಂ) ತಯಾರಾಗುತ್ತಿದೆ. ಗ್ರಾಫಿಕ್ಸ್ ಸೆಟ್ಟಿಂಗ್‌ನಲ್ಲಿ ಹೈಬ್ರಿಡ್ ಊಬರ್‌ಶೇಡರ್ ಆರಿಸಿ.

ಇನ್ನು, ಭಾರತದಲ್ಲಿ ಮಾರಿದ ಪಿಎಸ್2 ಡಿಸ್ಕ್‌ಗಳು ಪಾಲ್, ಅಂದರೆ 50 ಹರ್ಟ್ಸ್ ಟಿವಿ ಪದ್ಧತಿಯವು. ಅವು 50 ಎಫ್‌ಪಿಎಸ್ (ಸೆಕೆಂಡಿಗೆ 50 ಚಿತ್ರ) ತೋರಿಸಿದರೆ ಅದೇ ಪೂರ್ತಿ ವೇಗ. 60 ಬರಲಿಲ್ಲ ಅಂತ ಸುಮ್ನೆ ಸೆಟ್ಟಿಂಗ್ ಕೆದಕಬೇಡಿ.