ಸ್ಕೋಪಿಗೆ ಕಂಟಕ ಆ ಕರಿ ಕ್ಲಿಪ್

ಆಸಿಲೋಸ್ಕೋಪ್ ಅಂದರೆ ವೋಲ್ಟೇಜಿನ ಏರಿಳಿತವನ್ನು ಪರದೆಯ ಮೇಲೆ ಗೆರೆಯಾಗಿ ತೋರಿಸುವ ಉಪಕರಣ. ಅದರ ಅಳೆಯುವ ತಂತಿಯೇ ಪ್ರೋಬ್: ಒಂದು ತುದಿ, ಪಕ್ಕದಲ್ಲೊಂದು ಕರಿ ಕ್ಲಿಪ್. ನಾನು ಮೊದಲ ಸಲ ಪ್ರೋಬ್ ಸುಟ್ಟುಕೊಂಡಾಗ ಅದರ ಅಳೆಯುವ ತುದಿ ಇನ್ನೂ ನನ್ನ ಕೈಯಲ್ಲೇ ಇತ್ತು. ಕೆಟ್ಟ ಪವರ್ ಸಪ್ಲೈ ಬೋರ್ಡೊಂದನ್ನು ಬಿಚ್ಚಿಟ್ಟುಕೊಂಡಿದ್ದೆ. ದೊಡ್ಡ ಕೆಪಾಸಿಟರಿನ ಮೈನಸ್ ಕಾಲಿಗೆ ಪ್ರೋಬಿನ ಕರಿ ಮೊಸಳೆ ಕ್ಲಿಪ್ ಕಚ್ಚಿಸಿದೆ. ಮೈನಸ್ ಅಂದರೆ ಗ್ರೌಂಡ್ ತಾನೇ ಅಂದುಕೊಂಡು ಸ್ವಿಚ್ ಹಾಕಿದೆ. ಚಟ್ ಅಂತ ಒಂದು ಕಿಡಿ, ಬ್ರೇಕರ್ ಟ್ರಿಪ್, ಕೋಣೆ ಕತ್ತಲು. ಬೆಳಕು ಬಂದ ಮೇಲೆ ನೋಡಿದರೆ ಕ್ಲಿಪ್ಪಿನ ಎರಡು ಹಲ್ಲು ಕರಗಿಹೋಗಿದ್ದವು.

ಮಲ್ಟಿಮೀಟರ್ ಹಿಡಿದು ಬೆಳೆದವರು ಈ ತಪ್ಪು ಮಾಡುವುದು ಸಹಜ. ಮೀಟರ್ ಓಡುವುದು ಬ್ಯಾಟರಿಯಲ್ಲಿ, ಅದಕ್ಕೆ ನೆಲದ ಸಂಬಂಧವೇ ಇಲ್ಲ. ಕೆಂಪು, ಕರಿ ಎರಡನ್ನೂ ಯಾವ ಎರಡು ಬಿಂದುಗಳಿಗೆ ಬೇಕಾದರೂ ಇಡಬಹುದು. ಟೇಬಲ್ ಮೇಲಿನ ಆಸಿಲೋಸ್ಕೋಪ್ ಹಾಗಲ್ಲ. ಅದರ ಕರಿ ಕ್ಲಿಪ್ ಪ್ರೋಬನ್ನು ಸ್ಕೋಪಿಗೆ ಸಿಕ್ಕಿಸುವ ಬಿಎನ್‌ಸಿ ಕನೆಕ್ಟರಿನ ಹೊರ ಲೋಹಕ್ಕೆ, ಅಲ್ಲಿಂದ ಸ್ಕೋಪಿನ ಚಾಸಿಗೆ (ಲೋಹದ ಚೌಕಟ್ಟಿಗೆ), ಅಲ್ಲಿಂದ ಪ್ಲಗ್ಗಿನ ಮೂರನೇ ಪಿನ್ನಿನ ಮೂಲಕ ಸೀದಾ ಅರ್ಥಿಂಗ್‌ಗೆ ಹೋಗುತ್ತದೆ. ನಾಲ್ಕು ಚಾನೆಲ್ (ಪ್ರೋಬ್ ಸಿಕ್ಕಿಸುವ ಇನ್‌ಪುಟ್) ಇದ್ದರೆ ನಾಲ್ಕು ಕ್ಲಿಪ್ಪುಗಳೂ ಒಳಗೆ ಒಂದೇ ತಂತಿ. ಅಂದರೆ ಕ್ಲಿಪ್ ಹಾಕಿದಾಗ ನೀವು ಏನನ್ನೂ ಅಳೆಯುತ್ತಿಲ್ಲ, ಆ ಜಾಗವನ್ನು ನೆಲಕ್ಕೆ ಕಟ್ಟಿಹಾಕುತ್ತಿದ್ದೀರಿ. ಇನ್‌ಪುಟ್‌ನಲ್ಲಿ 10 ಲಕ್ಷ ಓಮ್ ತಡೆ ಇದೆಯಲ್ಲ ಅನ್ನಬಹುದು. ಅದು ಇರುವುದು ತುದಿಯ ದಾರಿಯಲ್ಲಿ. ಕ್ಲಿಪ್ಪಿನ ದಾರಿಯಲ್ಲಿ ಹೆಚ್ಚುಕಮ್ಮಿ ತಡೆಯೇ ಇಲ್ಲ.

ಹಾಗಾದರೆ ನನ್ನ ಬೋರ್ಡಿನ ಮೈನಸ್ಸಿಗೆ ಏನಾಗಿತ್ತು? ಮೈನ್ಸ್ ಕರೆಂಟನ್ನು ನೇರವಾಗಿ ಡಿಸಿ ಮಾಡುವ ಬ್ರಿಜ್ ರೆಕ್ಟಿಫೈಯರಿನಲ್ಲಿ ಮೈನಸ್ ತಂತಿ ಅರ್ಧ ಸೈಕಲ್ ನ್ಯೂಟ್ರಲ್ ಜೊತೆ ಇದ್ದರೆ, ಇನ್ನರ್ಧ ಸೈಕಲ್ ಒಂದು ಡಯೋಡ್ ಮೂಲಕ ಫೇಸ್ ಜೊತೆ ಇರುತ್ತದೆ. 230 ವೋಲ್ಟ್ ಮೈನ್ಸ್ ಅಂದರೆ ತುತ್ತತುದಿಯಲ್ಲಿ ಸುಮಾರು 325 ವೋಲ್ಟ್. ಆ ಫೇಸಿಗೂ ನೆಲಕ್ಕೂ ನಡುವೆ ನಾನು ಸೇತುವೆ ಕಟ್ಟಿದ್ದೆ, ಅಷ್ಟೆ.

ಈಗ ಕ್ಲಿಪ್ ಹಾಕುವ ಮುಂಚೆ ಹುಷಾರಾಗಿ ಮಲ್ಟಿಮೀಟರಿನಿಂದ ಆ ಜಾಗಕ್ಕೂ ಬಿಎನ್‌ಸಿಯ ಹೊರ ಲೋಹಕ್ಕೂ ನಡುವೆ ಅಳೆಯುತ್ತೇನೆ. ಮೊದಲು ಎಸಿ, ಆಮೇಲೆ ಡಿಸಿ. ಎರಡೂ ಸೊನ್ನೆಯ ಹತ್ತಿರ ಇದ್ದರೆ ಮಾತ್ರ ಕ್ಲಿಪ್. ಇದಕ್ಕೊಂದು ಅಪವಾದ: ಎರಡು ಪಿನ್ನಿನ ಅಡಾಪ್ಟರಿನ ಔಟ್‌ಪುಟ್ ಕಡೆ ಹತ್ತಾರು ವೋಲ್ಟ್ ತೋರಿಸಿ ಹೆದರಿಸುವುದುಂಟು. ಒಳಗಿನ ಒಂದು ಪುಟ್ಟ ಕೆಪಾಸಿಟರ್ ಮೂಲಕ ಸೋರಿ ಬರುವ ಕರೆಂಟ್ ಅದು, ತೀರಾ ಸಣ್ಣದು. ಆದರೂ ಅದು ತುದಿಯ ದಾರಿ ಹಿಡಿಯಬಾರದು. ಅದಕ್ಕೇ ಮೊದಲು ಕ್ಲಿಪ್ ಹಾಕಿ ಆಮೇಲೆ ತುದಿ ತಾಗಿಸಬೇಕು, ತೆಗೆಯುವಾಗ ಮೊದಲು ತುದಿ ತೆಗೆಯಬೇಕು.

ಸ್ಕೋಪಿನ ಮೂರನೇ ಪಿನ್ ಕತ್ತರಿಸಿಬಿಟ್ಟರೆ ಸರಿಹೋಗುತ್ತೆ ಅನ್ನುವವರು ಇದ್ದಾರೆ. ಕಿಡಿ ಹಾರುವುದಿಲ್ಲ, ನಿಜ. ಬದಲಿಗೆ ಸ್ಕೋಪಿನ ಎಲ್ಲ ಬಿಎನ್‌ಸಿಗಳು, ಚಾಸಿ, ಹೊರಗೆ ಕಾಣುವ ಸ್ಕ್ರೂಗಳು 325 ವೋಲ್ಟಿಗೆ ಏರಿ ನಿಮ್ಮ ಕೈಗಾಗಿ ಕಾಯುತ್ತಿರುತ್ತವೆ. ದಯವಿಟ್ಟು ಬೇಡ. ಮೈನ್ಸ್‌ಗೂ ನೆಲಕ್ಕೂ ಇರುವ ಸಂಬಂಧ ಕಡಿದು ಕರೆಂಟ್ ಕೊಡುವ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಇದ್ದರೆ ಅದನ್ನು ಬೋರ್ಡಿಗೆ ಕೊಡಿ, ಸ್ಕೋಪಿಗಲ್ಲ. ಸರಿಯಾದ ದಾರಿ ಡಿಫರೆನ್ಷಿಯಲ್ ಪ್ರೋಬ್, ಅಂದರೆ ಯಾವುದನ್ನೂ ನೆಲಕ್ಕೆ ಕಟ್ಟದೆ ಎರಡು ಬಿಂದುಗಳ ನಡುವಿನ ವ್ಯತ್ಯಾಸ ಅಳೆಯುವ ಪ್ರೋಬ್. ಅದಿಲ್ಲದಿದ್ದರೆ ಎರಡು ಚಾನೆಲ್ ಬಳಸಿ: ಎರಡೂ ಪ್ರೋಬ್ 10ಎಕ್ಸ್‌ನಲ್ಲಿ (ವೋಲ್ಟೇಜನ್ನು ಹತ್ತನೇ ಒಂದಕ್ಕೆ ಇಳಿಸುವ ಸೆಟ್ಟಿಂಗ್), ಕ್ಲಿಪ್ಪುಗಳು ಬೋರ್ಡಿನಿಂದ ದೂರ, ಒಂದರಿಂದ ಇನ್ನೊಂದನ್ನು ಕಳೆಯಲು ಸ್ಕೋಪಿಗೇ ಹೇಳಿ. ಇನ್ನು ಲ್ಯಾಪ್‌ಟಾಪಿಗೆ ಚುಚ್ಚುವ ಯುಎಸ್‌ಬಿ ಸ್ಕೋಪುಗಳಲ್ಲಿ ಸಾಮಾನ್ಯವಾಗಿ ಆ ಕರಿ ಕ್ಲಿಪ್ ಅಂದರೆ ಲ್ಯಾಪ್‌ಟಾಪಿನ ಗ್ರೌಂಡೇ. ಅಲ್ಲಿ ತಪ್ಪಿದರೆ ಸ್ಕೋಪಿನ ಜೊತೆ ಲ್ಯಾಪ್‌ಟಾಪೂ ಹೋಗುತ್ತದೆ.

ತುದಿಯ ಕಡೆ ಕಥೆ ಸ್ವಲ್ಪ ಸುಲಭ. ಎಷ್ಟು ವೋಲ್ಟ್ ತಾಳುತ್ತದೆ ಎಂದು ಬಿಎನ್‌ಸಿ ಪಕ್ಕದಲ್ಲೇ ಬರೆದಿರುತ್ತಾರೆ. ಹಲವು ಸ್ಕೋಪುಗಳಲ್ಲಿ ಅದು 300 ವೋಲ್ಟ್ ಆರ್‌ಎಂಎಸ್ (ತುತ್ತತುದಿಯ ಅಂಕಿಯಲ್ಲ, ಮೈನ್ಸಿನ 230ರಂತೆ ಒಂದು ಬಗೆಯ ಸರಾಸರಿ). ಆದರೆ ಅದು 10 ಲಕ್ಷ ಓಮ್ ಸೆಟ್ಟಿಂಗಿನ ಮಾತು. 50 ಓಮ್‌ಗೆ ಬದಲಿಸಿದರೆ ಮಿತಿ ಸಾಮಾನ್ಯವಾಗಿ 5 ವೋಲ್ಟ್, ಅಂದರೆ ಅರ್ಧ ವ್ಯಾಟ್. ಮರೆತು 12 ವೋಲ್ಟ್ ಕೊಟ್ಟರೆ ಆ ಪುಟ್ಟ ರೆಸಿಸ್ಟರ್ ಮೇಲೆ ಸುಮಾರು 2.9 ವ್ಯಾಟ್ ಬೀಳುತ್ತದೆ. ಕಿಡಿ ಇಲ್ಲ, ಸದ್ದಿಲ್ಲ. ಮುಂದೆ ಆ ಚಾನೆಲ್ ಸುಮ್ನೆ ತಪ್ಪು ಹೇಳುತ್ತಾ ಹೋಗಬಹುದು.

10ಎಕ್ಸ್ ಪ್ರೋಬಿನೊಳಗೆ 90 ಲಕ್ಷ ಓಮ್ ಇರುವುದರಿಂದ 325 ವೋಲ್ಟ್ ಸ್ಕೋಪಿಗೆ ಮುಟ್ಟುವಾಗ 32.5 ಆಗಿರುತ್ತದೆ. ಪ್ರೋಬ್ ಮೇಲಿನ ಸಣ್ಣ ಸ್ವಿಚ್ ಬೆರಳು ತಾಗಿ 1ಎಕ್ಸ್‌ಗೆ, ಅಂದರೆ ಏನೂ ಇಳಿಸದ ಸೆಟ್ಟಿಂಗಿಗೆ, ಜಾರುವುದು ಜಾಸ್ತಿ, ನೋಡಿಕೊಳ್ಳಿ. ಮೆನುವಿನಲ್ಲಿ 10ಎಕ್ಸ್ ಆರಿಸಿದರೆ ಪರದೆಯ ಅಂಕಿ ಬದಲಾಗುತ್ತದೆಯೇ ಹೊರತು ಬರುವ ವೋಲ್ಟೇಜ್ ಅಲ್ಲ. ಎಸಿ ಕಪ್ಲಿಂಗ್ ಕೂಡ ಅಷ್ಟೆ. ಅದು ಡಿಸಿಯನ್ನು ನಿಮ್ಮ ಕಣ್ಣಿಂದ ಮರೆಮಾಡುತ್ತದೆ, ಇನ್‌ಪುಟ್ ಅದನ್ನು ಹೊರುತ್ತಲೇ ಇರುತ್ತದೆ. ಫ್ರೀಕ್ವೆನ್ಸಿ ಏರಿದಂತೆ ಪ್ರೋಬ್ ತಾಳುವ ವೋಲ್ಟೇಜೂ ಇಳಿಯುತ್ತದೆ. ಎಷ್ಟೆಂಬ ಗ್ರಾಫ್ ಅದರ ಕೈಪಿಡಿಯಲ್ಲಿ ಸಿಗುತ್ತದೆ.

ಕೊನೆಗೊಂದು ಮೋಸಗಾರ: ರಿಲೇ ಕಾಯಿಲ್, ಅಂದರೆ ಕರೆಂಟಿನಿಂದ ಓಡುವ ಸ್ವಿಚ್ಚಿನೊಳಗಿನ ತಂತಿಸುರುಳಿ. ಅದಕ್ಕೆ ಕೊಡುವುದು ಬರೀ 12 ವೋಲ್ಟ್. ಅಡ್ಡಲಾಗಿ ಡಯೋಡ್ ಇಲ್ಲದಿದ್ದರೆ, ಸ್ವಿಚ್ ತೆಗೆದ ಗಳಿಗೆಯಲ್ಲಿ ಕಾಯಿಲ್ ನೂರಾರು ವೋಲ್ಟ್ ಎಸೆಯಬಲ್ಲದು. ಅದನ್ನು 10ಎಕ್ಸ್‌ನಲ್ಲಿ, ಅತಿ ದೊಡ್ಡ ವೋಲ್ಟ್ ಸ್ಕೇಲಿನಿಂದ ನೋಡಲು ಶುರುಮಾಡಿ. ಆಗಲೂ ಗೆರೆ ಪರದೆ ದಾಟಿ ಮೇಲೆ ಹೋದರೆ ಪ್ರೋಬ್ ತೆಗೆದುಬಿಡಿ.