ಮೈತುಂಬ ಕಣ್ಣಿರುವ ಜೀವಿಯನ್ನು ಓದುವುದು ಹೇಗೆ?

ಸಂಡೇ ಸ್ಕೂಲಿನ ಹುಡುಗನೊಬ್ಬ ಡ್ರಾಯಿಂಗ್ ಶೀಟ್ ಹಿಡಿದು ಬಂದ. ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನೆಯ 4ನೇ ಅಧ್ಯಾಯದಲ್ಲಿ ದೇವರ ಸಿಂಹಾಸನದ ಸುತ್ತ ಇರುವ ನಾಲ್ಕು ಜೀವಿಗಳನ್ನು ಬಿಡಿಸಲು ಕುಳಿತಿದ್ದನಂತೆ. ಸಿಂಹದ ಮುಖ ಆಗಿತ್ತು, ಆರು ರೆಕ್ಕೆಯೂ ಆಗಿತ್ತು. ಆಮೇಲೆ ಪೆನ್ಸಿಲ್ ನಿಂತುಬಿಟ್ಟಿತ್ತು. "ಪಾಸ್ಟರ್ ಅಂಕಲ್, ಸುತ್ತಲೂ ಕಣ್ಣು, ಒಳಗೂ ಕಣ್ಣು ಅಂತ ಇದೆ. ಒಳಗಿನ ಕಣ್ಣು ಹೇಗೆ ಬಿಡಿಸೋದು?"

ಬಿಡಿಸೋಕೆ ಆಗಲ್ಲ ಎಂದೆ. ಅವನಿಗೆ ಸಮಾಧಾನ ಆಗಲಿಲ್ಲ. ಆದರೆ ದೊಡ್ಡವರಿಗೆ ವರ್ಷಗಟ್ಟಲೆ ಪಾಠ ಮಾಡಿದರೂ ಹೊಳೆಯದ ಸಂಗತಿಯನ್ನು ಅವನ ಪೆನ್ಸಿಲ್ ಹಿಡಿದುಬಿಟ್ಟಿತ್ತು. ತನಗಾದ ದರ್ಶನವನ್ನು ಈ ಪುಸ್ತಕದಲ್ಲಿ ಬರೆದ ಯೋಹಾನ ಇಲ್ಲಿ ಫೋಟೋ ತೆಗೆಯುತ್ತಿಲ್ಲ. ಅವನ ವಾಕ್ಯಗಳನ್ನೇ ನೋಡಿ. ಸಿಂಹದಂತೆ, ಹೋರಿಯಂತೆ, ಹಾರುವ ಹದ್ದಿನಂತೆ. ಎಲ್ಲದಕ್ಕೂ ಒಂದು 'ಅಂತೆ' ಅಂಟಿಕೊಂಡಿದೆ. ನಾವು ಓದುವಾಗ ಆ 'ಅಂತೆ'ಯನ್ನು ನುಂಗಿಬಿಡುತ್ತೇವೆ.

ಬೈಬಲ್ ಸ್ಟಡಿಯಲ್ಲಿ ಜನ ಮೊದಲು ಕೇಳುವ ಪ್ರಶ್ನೆ "ಇವು ಯಾರು?" ನಾನು ಅದನ್ನು ಸ್ವಲ್ಪ ಪಕ್ಕಕ್ಕಿಡಿ ಎನ್ನುತ್ತೇನೆ. ಈ ಚಿತ್ರ ಎಲ್ಲಿಂದ ಬಂತು, ಇಲ್ಲಿ ಏನು ಮಾಡುತ್ತಿದೆ ಎಂದು ಮೊದಲು ನೋಡೋಣ.

ಎಲ್ಲಿಂದ ಬಂತು ಎನ್ನುವುದಕ್ಕೆ ಎರಡು ಹಳೆಯ ಪುಟ ತಿರುಗಿಸಬೇಕು. ಒಂದು ಹಳೆಯ ಒಡಂಬಡಿಕೆಯ ಪ್ರವಾದಿ ಯೆಹೆಜ್ಕೇಲನ 1ನೇ ಅಧ್ಯಾಯ. ಯೆಹೆಜ್ಕೇಲ ಯೆರೂಸಲೇಮಿನಿಂದ ಸೆರೆಹೋಗಿ, ಬಾಬೆಲಿನ ಸೀಮೆಯಲ್ಲಿ ಕೆಬಾರ್ ನದಿಯ ಹತ್ತಿರ ಇದ್ದವನು. ಅಲ್ಲಿ ಅವನಿಗೆ ಕಂಡ ಜೀವಿಗಳಿಗೆ ತಲಾ ನಾಲ್ಕು ಮುಖ: ಮನುಷ್ಯ, ಸಿಂಹ, ಹೋರಿ, ಹದ್ದು. ಪಕ್ಕದಲ್ಲಿ ಚಕ್ರಗಳು. ಕಣ್ಣುಗಳು ತುಂಬಿದ್ದು ಆ ಚಕ್ರಗಳ ಅಂಚಿನಲ್ಲಿ. ಮೆಸೊಪೊಟೇಮಿಯಾದ ಅರಮನೆ ಬಾಗಿಲುಗಳಲ್ಲಿ ಮನುಷ್ಯನ ತಲೆ, ಹೋರಿಯ ಮೈ, ಹದ್ದಿನ ರೆಕ್ಕೆ ಇರುವ ದೊಡ್ಡ ದೊಡ್ಡ ಕಲ್ಲಿನ ಕಾವಲು ಮೂರ್ತಿಗಳು ಇದ್ದವು. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ಈಗಲೂ ನೋಡಬಹುದು. ಅಲ್ಲಿ ಇಂಥವು ರಾಜನ ಬಾಗಿಲು ಕಾಯುತ್ತಿದ್ದವು. ಯೆಹೆಜ್ಕೇಲನ ದರ್ಶನದಲ್ಲಿ ಅಂಥ ಮುಖಗಳವು ಯೆಹೋವನ ಸಿಂಹಾಸನದ ಕೆಳಗಿವೆ. ಆ ಸಿಂಹಾಸನಕ್ಕೆ ಚಕ್ರ ಬೇರೆ ಇದೆ! ದೇವರು ಯೆರೂಸಲೇಮಿನ ಆಲಯದಲ್ಲೇ ಉಳಿದುಬಿಟ್ಟ ಎಂದು ಅಳುತ್ತಿದ್ದ ಸೆರೆಯಾಳುಗಳಿಗೆ ಈ ಚಕ್ರ ಸಣ್ಣ ಸಮಾಚಾರ ಅಲ್ಲ.

ಇನ್ನೊಂದು ಪ್ರವಾದಿ ಯೆಶಾಯನ 6ನೇ ಅಧ್ಯಾಯ. ಅಲ್ಲಿ ಸೆರಾಫಿಯರಿಗೆ, ಅಂದರೆ ದೇವರ ಸನ್ನಿಧಿಯ ದೂತರಿಗೆ, ಆರು ರೆಕ್ಕೆ, ಬಾಯಲ್ಲಿ "ಪರಿಶುದ್ಧನು, ಪರಿಶುದ್ಧನು, ಪರಿಶುದ್ಧನು" ಎಂಬ ಕೂಗು.

ಈಗ ಯೋಹಾನ ಮಾಡಿದ್ದು ನೋಡಿ. ಯೆಹೆಜ್ಕೇಲನಿಂದ ನಾಲ್ಕು ಮುಖ ತೆಗೆದುಕೊಂಡ, ಆದರೆ ಜೀವಿಗೊಂದರಂತೆ ಹಂಚಿದ. ಯೆಶಾಯನಿಂದ ಆರು ರೆಕ್ಕೆಯನ್ನೂ ಹಾಡನ್ನೂ ತಂದ. ಚಕ್ರ ಬಿಟ್ಟುಬಿಟ್ಟ, ಆದರೆ ಅದರ ಕಣ್ಣುಗಳನ್ನು ಜೀವಿಗಳ ಮೈಗೇ ಹಚ್ಚಿದ. ಚಕ್ರ ಯಾಕೆ ಹೋಯಿತು? ನನಗೆ ತೋಚುವುದು ಇಷ್ಟು: ಇಲ್ಲಿ ಸಿಂಹಾಸನ ಎಲ್ಲಿಗೂ ಹೋಗಬೇಕಿಲ್ಲ, ಎಲ್ಲವೂ ಅದರ ಸುತ್ತ ತಿರುಗುತ್ತಿದೆ. ಕಣ್ಣು ಅಂದರೆ ಎಚ್ಚರ. ಹಗಲೂ ರಾತ್ರಿ ಹಾಡು ನಿಲ್ಲಿಸದವು ಎಂಬ ಮಾತು ಅದೇ ವಚನದಲ್ಲಿದೆ. ಕಣ್ಣು ಮುಚ್ಚಿದರೆ ತಾನೇ ನಿದ್ದೆ!

ನಾಲ್ಕು ಮುಖಗಳಿಗೆ ಯೆಹೂದಿ ಗುರುಗಳು ಕೊಟ್ಟ ವಿವರಣೆ ನನಗೆ ಜಾಸ್ತಿ ಇಷ್ಟ. ಕಾಡುಮೃಗಗಳಲ್ಲಿ ಸಿಂಹ ದೊಡ್ಡದು, ದನಗಳಲ್ಲಿ ಹೋರಿ, ಹಕ್ಕಿಗಳಲ್ಲಿ ಹದ್ದು, ಎಲ್ಲದರಲ್ಲೂ ಮನುಷ್ಯ. ಇವೆಲ್ಲ ದೇವರ ರಥದ, ಅಂದರೆ ಆ ಚಕ್ರದ ಸಿಂಹಾಸನದ, ಕೆಳಗೇ. ಅಂದರೆ ಸೃಷ್ಟಿಯೆಲ್ಲ ಸೇರಿ ಹಾಡುತ್ತಿದೆ.

ಚರ್ಚುಗಳಲ್ಲಿ ಹೆಚ್ಚು ಕೇಳಿಬರುವುದು ಬೇರೆ: ನಾಲ್ಕು ಜೀವಿ ಎಂದರೆ ಯೇಸುವಿನ ಬದುಕನ್ನು ಹೇಳುವ ನಾಲ್ಕು ಸುವಾರ್ತೆ. ಮನುಷ್ಯ ಮತ್ತಾಯ, ಸಿಂಹ ಮಾರ್ಕ, ಹೋರಿ ಲೂಕ, ಹದ್ದು ಯೋಹಾನ. ಇದು ಬೈಬಲನ್ನು ಲ್ಯಾಟಿನ್‌ಗೆ ತಂದ ಜೆರೋಮ್ ಪ್ರಸಿದ್ಧಿಗೆ ತಂದ ಜೋಡಣೆ. ವೆನಿಸ್ ಊರಿನ ರೆಕ್ಕೆಯ ಸಿಂಹ ಮಾರ್ಕನದು ಎನ್ನುವುದೂ ಇದರಿಂದಲೇ. ಆದರೆ ಅವನಿಗಿಂತ ಮೊದಲೇ, 2ನೇ ಶತಮಾನದಲ್ಲಿ, ಬಿಷಪ್ ಐರೇನಿಯಸ್ ಸಿಂಹವನ್ನು ಯೋಹಾನನಿಗೆ, ಹದ್ದನ್ನು ಮಾರ್ಕನಿಗೆ ಕೊಟ್ಟಿದ್ದ. ಇನ್ನೊಬ್ಬ ಬಿಷಪ್ ಅಗಸ್ಟೀನ್ ಸಿಂಹವನ್ನು ಮತ್ತಾಯನಿಗೆ ಕೊಟ್ಟ. ದೊಡ್ಡವರೇ ಹೀಗೆ ಅದಲುಬದಲು ಮಾಡಿದ ಮೇಲೆ ಇದು ಪ್ರಕಟನೆ ಬರೆದ ಯೋಹಾನನ ಮನಸ್ಸಿನಲ್ಲಿ ಇತ್ತು ಎನ್ನುವುದು ಕಷ್ಟ. ಚರ್ಚಿನ ಕಿಟಕಿ ಗಾಜಿನ ಮೇಲೆ ಚೆಂದ ಕಾಣುತ್ತದೆ, ಇರಲಿ ಬಿಡಿ.

ಇಂಗ್ಲಿಷ್ ಬೈಬಲ್ ಓದುವ ಯುವಕರದು ಇನ್ನೊಂದು ಗೊಂದಲ. 1611ರ ಕಿಂಗ್ ಜೇಮ್ಸ್ ಬೈಬಲ್ ಈ ಜೀವಿಗಳಿಗೂ 13ನೇ ಅಧ್ಯಾಯದ ದುಷ್ಟ ಮೃಗಕ್ಕೂ ಒಂದೇ ಪದ ಬಳಸಿತು: ಬೀಸ್ಟ್. "ಮೃಗ ಹೇಗೆ ದೇವರನ್ನು ಆರಾಧಿಸುತ್ತೆ ಪಾಸ್ಟರ್?" ಎಂದು ಒಬ್ಬ ಕೇಳಿಯೂ ಕೇಳಿದ. ಗ್ರೀಕಿನಲ್ಲಿ ಇಲ್ಲಿರುವುದು ಜೋಓನ್, ಅಲ್ಲಿರುವುದು ಥೇರಿಯೋನ್. ನಮ್ಮ ಕನ್ನಡದಲ್ಲಿ ಇದು ಜೀವಿ, ಅದು ಮೃಗ. ಈ ವಿಷಯದಲ್ಲಿ ಕನ್ನಡ ಓದುಗ ಗೆದ್ದ.

ಅದೇ 4ನೇ ಅಧ್ಯಾಯದಲ್ಲಿ ಸಿಂಹಾಸನದ ಸುತ್ತ ಕೂತಿರುವ ಇಪ್ಪತ್ತನಾಲ್ಕು ಹಿರಿಯರ ಲೆಕ್ಕ ಬೇಗ ಮುಗಿಸುತ್ತೇನೆ. ಇಸ್ರಾಯೇಲಿನ ಹನ್ನೆರಡು ಕುಲ, ಯೇಸುವಿನ ಹನ್ನೆರಡು ಅಪೊಸ್ತಲರು ಎನ್ನುವವರಿದ್ದಾರೆ. ದಾವೀದ ಯಾಜಕರನ್ನು ಇಪ್ಪತ್ತನಾಲ್ಕು ವರ್ಗ ಮಾಡಿದ್ದು ನೆನಪಿಸುವವರೂ ಇದ್ದಾರೆ. ಎರಡೂ ನಡೆಯುತ್ತದೆ. ನಾನು ತೋರಿಸುವುದು ಅವರು ಏನು ಮಾಡುತ್ತಾರೆ ಎಂಬುದನ್ನು. ಕಿರೀಟ ತೆಗೆದು ಸಿಂಹಾಸನದ ಮುಂದೆ ಹಾಕಿ, "ನಮ್ಮ ಕರ್ತನೇ, ನಮ್ಮ ದೇವರೇ" ಎನ್ನುತ್ತಾರೆ. ರೋಮಿನ ಚಕ್ರವರ್ತಿ ಡೊಮಿಷಿಯನ್ (81–96) ತನ್ನನ್ನು 'ಕರ್ತನೂ ದೇವರೂ' ಎಂದು ಕರೆಸಿಕೊಳ್ಳುತ್ತಿದ್ದ ಎಂದು ರೋಮಿನ ಇತಿಹಾಸಕಾರ ಸ್ಯೂಟೋನಿಯಸ್ ಬರೆದಿದ್ದಾನೆ. ಪ್ರಕಟನೆ ಬರೆದದ್ದು ಅವನ ಆಳ್ವಿಕೆಯ ಕೊನೆಯಲ್ಲಿ ಎನ್ನುವುದು ಐರೇನಿಯಸ್ ಕಾಲದಿಂದ ಬಂದ ಮಾತು. ಈಗಿನ ಟರ್ಕಿಯಲ್ಲಿದ್ದ ಪೆರ್ಗಮದಂಥ ಊರಿನಲ್ಲಿ ಚಕ್ರವರ್ತಿಯ ಗುಡಿ ನೋಡಿಕೊಂಡೇ ಬದುಕುತ್ತಿದ್ದ ಸಭೆಯವರಿಗೆ ಈ ಸಾಲು ಹೇಗೆ ಕೇಳಿಸಿರಬೇಕು ಯೋಚಿಸಿ.

ಹುಡುಗ ಮುಂದಿನ ವಾರ ಮತ್ತೆ ಬಂದ. ಈ ಸಲ 5ನೇ ಅಧ್ಯಾಯ. ಅಲ್ಲಿ ಯೋಹಾನನ ಕಿವಿಗೆ ಬೀಳುವುದು ಯೂದ ಕುಲದ ಸಿಂಹ ಗೆದ್ದಿದೆ ಎಂಬ ಸುದ್ದಿ. ತಿರುಗಿ ನೋಡಿದರೆ ನಿಂತಿರುವುದು ಕೊಯ್ದ ಗುರುತಿರುವ ಕುರಿಮರಿ. ಹುಡುಗ ಸಿಂಹವನ್ನು ಬಿಡಿಸಲೇ ಇಲ್ಲ, ಕುರಿಮರಿಯನ್ನಷ್ಟೇ ಬಿಡಿಸಿದ್ದ. ವಚನದಲ್ಲಿ ಹೇಳಿದ ಏಳು ಕೊಂಬನ್ನು ಅದರ ತಲೆಯ ಮೇಲೆ ಸಾಲಾಗಿ ಇಟ್ಟಿದ್ದ, ಬಾಚಣಿಗೆಯ ಹಾಗೆ.

"ಇಷ್ಟೊಂದು ಕೊಂಬು ಯಾಕೆ ಅಂಕಲ್?"

"ಶಾಲೆಯಲ್ಲಿ ಯಾರಾದರೂ ಜೋರು ಮಾಡಿದರೆ ಏನಂತೀಯ?"

"ಅವನಿಗೇನು ಎರಡು ಕೊಂಬಿದೆಯಾ ಅಂತೀನಿ."

"ಇದಕ್ಕೆ ಏಳು" ಎಂದೆ.