ಊಟಿ ರೈಲಿನ ಹಾದಿಗೆ ಒಂದೇ ಸಲ ಕಾಂಕ್ರೀಟ್ ಹಾಕಿಬಿಟ್ಟರೆ ಆಗದೇ?

ಪ್ರಶ್ನೆ: ಮೆಟ್ಟುಪಾಳ್ಯಂನಿಂದ ಊಟಿಗೆ ಹೋಗುವ ಪುಟಾಣಿ ರೈಲು ಜೋರು ಮಳೆ ಬಂತೆಂದರೆ ರದ್ದಾಗುತ್ತದೆ. ನಾವು ಟಿಕೆಟ್ ಮಾಡಿಸಿದ್ದಾಗಲೂ ಗುಡ್ಡ ಜರಿದು ಹಳಿಯ ಕೆಳಗಿನ ಮಣ್ಣು ಕೊಚ್ಚಿಹೋಗಿದೆ ಎಂದರು. ನೂರು ವರ್ಷದಿಂದ ತೇಪೆ ಹಾಕುತ್ತಲೇ ಇರುವ ಬದಲು ಒಡ್ಡು, ಸೇತುವೆ ಎಲ್ಲಕ್ಕೂ ಒಂದೇ ಸಲ ಗಟ್ಟಿಯಾಗಿ ಕಾಂಕ್ರೀಟ್ ಹಾಕಿಬಿಟ್ಟರೆ ಆಗದೇ?

ಉತ್ತರ: ಕೆಲವು ಕಡೆ ಆಗುತ್ತದೆ, ಹಾಕಿಯೂ ಇದ್ದಾರೆ. ಎಲ್ಲ ಕಡೆ ಹಾಕಿದರೆ ಮಾತ್ರ ಹಾದಿ ಈಗಿನದಕ್ಕಿಂತ ಬೇಗ ಹಾಳಾಗುತ್ತದೆ. ಬೆಟ್ಟದ ಒಡ್ಡನ್ನು ಕೆಡವುವುದು ರೈಲಿನ ಭಾರವಲ್ಲ, ನೀರು. ಭಾರ ಹೊರುವುದರಲ್ಲಿ ಕಾಂಕ್ರೀಟನ್ನು ಮೀರಿಸುವಂಥದ್ದು ಕಡಿಮೆ. ಆದರೆ ತನ್ನ ಬೆನ್ನಿಗೆ ಬಂದು ನಿಂತ ನೀರಿಗೆ ಅದು ತಾನಾಗಿ ದಾರಿ ಬಿಡುವುದಿಲ್ಲ.

ಮೊದಲು ಆ ಹಾದಿ ಎಂಥದ್ದೆಂದು ನೋಡಬೇಕು. ನೀಲಗಿರಿ ರೈಲು 1899ರಲ್ಲಿ ಕೂನೂರಿನವರೆಗೆ, 1908ರಲ್ಲಿ ಊಟಿಯವರೆಗೆ ಬಂತು. 46 ಕಿಲೋಮೀಟರ್ ಉದ್ದದಲ್ಲಿ ಸುಮಾರು 330 ಮೀಟರ್ ಎತ್ತರದಿಂದ 2,200 ಮೀಟರಿಗೆ ಏರುತ್ತದೆ. 208 ತಿರುವು, 16 ಸುರಂಗ, 250 ಸೇತುವೆ. ಅಂದರೆ ಸರಾಸರಿ ಒಂದು ಕಿಲೋಮೀಟರಿಗೆ ಐದಕ್ಕಿಂತ ಹೆಚ್ಚು ಸೇತುವೆಗಳು. ಇವುಗಳಲ್ಲಿ ಬಹಳಷ್ಟು ಸಣ್ಣ ಮೋರಿಗಳು. ಪ್ರತಿಯೊಂದೂ ಒಂದು ಹಳ್ಳ ಅಥವಾ ತೊರೆ ಇಳಿದುಬರುವ ಜಾಗ. ಕಟ್ಟಿದವರು ನೀರು ಎಲ್ಲೆಲ್ಲಿ ಬರುತ್ತದೆಂದು ನೋಡಿಕೊಂಡೇ ಅಷ್ಟು ಬಾಯಿಗಳನ್ನು ಬಿಟ್ಟಿದ್ದರು.

ನೀಲಗಿರಿಯ ಬುಡ ಗಟ್ಟಿ ಬಂಡೆ. ಅದರ ಮೇಲೆ ಲಕ್ಷಾಂತರ ವರ್ಷ ಮಳೆಗೆ ಕಳಿತು ಮೆತ್ತಗಾದ ಕೆಂಪು ಮಣ್ಣಿನ ದಪ್ಪ ಹೊದಿಕೆ, ಅದರೊಳಗೆ ಅಲ್ಲಲ್ಲಿ ಹುದುಗಿದ ಉರುಟು ಬಂಡೆಗಳು. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಈಶಾನ್ಯ ಮಾರುತದ ಮಳೆ ಈ ಮಣ್ಣಿಗೆ ಇಳಿಯುತ್ತಾ ಹೋದಂತೆ ಕಣಗಳ ನಡುವಿನ ಹಿಡಿತ ಸಡಿಲುತ್ತದೆ. ಕೆಳಗಿನ ಬಂಡೆ ನೀರು ಕುಡಿಯುವುದಿಲ್ಲವಾದ್ದರಿಂದ ಮಣ್ಣು ಮತ್ತು ಬಂಡೆ ಸೇರುವ ಗೆರೆಯಲ್ಲಿ ನೀರು ಹರಿಯತೊಡಗಿ, ಮೇಲಿನದ್ದೆಲ್ಲ ಆ ಗೆರೆಯ ಮೇಲೆ ಜಾರುತ್ತದೆ. 2009ರ ನವೆಂಬರಿನಲ್ಲಿ ಊಟಿ ಬಳಿಯ ಕೇತ್ತಿಯಲ್ಲಿ ಒಂದೇ ದಿನ ಸುಮಾರು 820 ಮಿಲಿಮೀಟರ್ ಮಳೆ ಸುರಿದು, ಜಿಲ್ಲೆಯುದ್ದಕ್ಕೂ ಗುಡ್ಡಗಳು ಜರಿದು ಹಲವಾರು ಜೀವಗಳು ಹೋದವು. ಅಷ್ಟು ಮಳೆಗೆ ಯಾವ ಒಡ್ಡೂ ಲೆಕ್ಕಕ್ಕಿಲ್ಲ.

ಈಗ ಆ ಮಣ್ಣಿನ ಮುಂದೆ ಮೂರು ಮೀಟರ್ ಎತ್ತರದ ಗಟ್ಟಿ ಕಾಂಕ್ರೀಟ್ ಗೋಡೆ ಎಬ್ಬಿಸಿ, ನೀರಿಗೆ ತೂತು ಬಿಡಲಿಲ್ಲ ಎಂದುಕೊಳ್ಳಿ. ಮಳೆಯಲ್ಲಿ ಗೋಡೆಯ ಹಿಂದೆ ನೀರು ತುಂಬುತ್ತದೆ. ಮೂರು ಮೀಟರ್ ನಿಂತ ನೀರು ಗೋಡೆಯ ಪ್ರತಿ ಒಂದು ಮೀಟರ್ ಉದ್ದವನ್ನು ಸುಮಾರು ನಾಲ್ಕೂವರೆ ಟನ್ ಬಲದಿಂದ ತಳ್ಳುತ್ತದೆ. ಇದು ನೀರಿನ ತಳ್ಳಾಟ ಮಾತ್ರ, ನೆನೆದ ಮಣ್ಣಿನದ್ದು ಬೇರೆ. ಗೋಡೆ ಒಂದೋ ಮುಂದಕ್ಕೆ ವಾಲುತ್ತದೆ, ಇಲ್ಲವೇ ಬುಡ ಸಮೇತ ಜಾರುತ್ತದೆ. ಮಲೆನಾಡಿನ ಅಡಿಕೆ ತೋಟದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಳೆಗಾಲಕ್ಕೆ ಮುಂಚೆ ಬಸಿಗಾಲುವೆ ಎತ್ತದೆ ಬಿಟ್ಟ ತೋಟ ಏನಾಗುತ್ತದೆಂದು ಅವರು ಕಂಡಿರುತ್ತಾರೆ. ರೈಲಿನ ಒಡ್ಡಿನ ರಿಪೇರಿಯಲ್ಲೂ ದೊಡ್ಡ ಕೆಲಸ ಬಸಿಗಾಲುವೆಯದ್ದೇ.

ಹಾಗಾದರೆ ಕೊಚ್ಚಿಹೋದ ಒಡ್ಡನ್ನು ಹೇಗೆ ಕಟ್ಟುತ್ತಾರೆ? ಜರಿದ ಜಾಗಕ್ಕೆ ಮೇಲಿನಿಂದ ಮಣ್ಣು ಸುರಿದು ಮಟ್ಟ ಮಾಡಿದರೆ ಮುಗಿಯಿತೆಂದು ನೋಡುವವರಿಗೆ ಅನಿಸುತ್ತದೆ. ಅದಕ್ಕಿಂತ ಅಪಾಯದ ರಿಪೇರಿ ಇಲ್ಲ. ಜಾರಿದ ನುಣುಪು ಇಳಿಜಾರಿನ ಮೇಲೆ ಸುರಿದ ಹೊಸ ಮಣ್ಣು ಮುಂದಿನ ಮಳೆಗೆ ಅದೇ ದಾರಿಯಲ್ಲಿ ಜಾರುತ್ತದೆ. ಸರಿಯಾದ ಕ್ರಮ ಕೆಳಗಿನಿಂದ ಶುರುವಾಗುತ್ತದೆ. ಅದಕ್ಕೂ ಮೊದಲು ಮೇಲಿನಿಂದ ಬರುವ ನೀರನ್ನು ಪಕ್ಕಕ್ಕೆ ತಿರುಗಿಸುತ್ತಾರೆ, ಬಿರುಕುಗಳಿಗೆ ಮತ್ತಷ್ಟು ನೀರು ಇಳಿಯದಂತೆ ಟಾರ್ಪಾಲು ಹೊದಿಸುತ್ತಾರೆ. ಸಡಿಲ ಮಣ್ಣನ್ನೆಲ್ಲ ತೆಗೆದು ಗಟ್ಟಿ ನೆಲ ಸಿಗುವವರೆಗೆ ಅಗೆದು, ಒಡ್ಡಿನ ಪಾದದಲ್ಲಿ ಗೋಡೆ ಎಬ್ಬಿಸುತ್ತಾರೆ. ಕಾಂಕ್ರೀಟಿಗೆ ಸರಿಯಾದ ಜಾಗ ಇದು, ಬಂಡೆಗೆ ಕಚ್ಚಿಕೊಂಡ ಪಾದದಲ್ಲಿ. ಅದರ ಮೇಲೆ ಇಳಿಜಾರನ್ನು ಮೆಟ್ಟಿಲುಗಳಾಗಿ ಕಡಿಯುತ್ತಾರೆ, ಹೊಸ ತುಂಬು ಹಳೆ ನೆಲದ ಮೇಲೆ ಜಾರದೆ ಕೂರಲೆಂದು. ಒಂದೊಂದು ಪದರ ತುಂಬಿ, ದಮ್ಮಸು ಮಾಡಿ, ಆಮೇಲೆ ಇನ್ನೊಂದು ಪದರ. ಹಳೆ ಮಣ್ಣಿಗೂ ಹೊಸದಕ್ಕೂ ನಡುವೆ ಜಲ್ಲಿಯ ಹಾಸು, ಅದಕ್ಕೆ ಮಣ್ಣು ಹೊಗದೆ ನೀರು ಮಾತ್ರ ಸೋಸಿಹೋಗುವ ಬಟ್ಟೆಯಂಥ ಹೊದಿಕೆ.

ಘಟ್ಟದ ರೈಲುಗಳಲ್ಲಿ ಇತ್ತೀಚೆಗೆ ಹೆಚ್ಚು ಕಾಣುವುದು ತಂತಿಬಲೆಯ ಪೆಟ್ಟಿಗೆಗಳಲ್ಲಿ ಕಲ್ಲು ತುಂಬಿ ಪೇರಿಸಿದ ಗೋಡೆ, ಗೇಬಿಯನ್. ನೋಡಲು ಚೆಂದವಿಲ್ಲ, ಆದರೆ ನನಗೆ ಇದರ ಮೇಲೆ ಬಹಳ ಗೌರವ. ನೀರು ಅದರ ಸಂದುಗಳಿಂದ ಹಾಗೇ ಹೊರಬರುತ್ತದೆ. ನೆಲ ಸ್ವಲ್ಪ ಕುಸಿದರೂ ಗೋಡೆ ಬಾಗಿ ಕೂರುತ್ತದೆಯೇ ಹೊರತು ಒಡೆಯುವುದಿಲ್ಲ. ದೊಡ್ಡ ಯಂತ್ರ ತಲುಪದ ಕಡೆ ಕೈಯಲ್ಲೇ ಕಟ್ಟಬಹುದು. ಕೊನೆಯದಾಗಿ ಇಳಿಜಾರಿಗೆ ಹುಲ್ಲು ಅಥವಾ ಲಾವಂಚ. ಲಾವಂಚದ ಬೇರು ಅಡ್ಡಡ್ಡ ಹರಡದೆ ಆಳಕ್ಕಿಳಿಯುವುದರಿಂದ ಮೇಲ್ಮಣ್ಣನ್ನು ಚೆನ್ನಾಗಿ ಹಿಡಿಯುತ್ತದೆ. ದೊಡ್ಡ ಜಾರನ್ನು ತಡೆಯುವುದು ಅದರಿಂದ ಆಗದು.

ಇಷ್ಟೆಲ್ಲ ಸಾಮಾನು ಅಲ್ಲಿಗೆ ತಲುಪಬೇಕಲ್ಲ. ಬೆಟ್ಟದ ಬುಡದ ಕಲ್ಲಾರ್‌ನಿಂದ ಕೂನೂರಿನವರೆಗಿನ ಏರಿನಲ್ಲಿ ಬಹಳಷ್ಟು ಕಡೆ ಹಳಿಯ ಪಕ್ಕಕ್ಕೆ ರಸ್ತೆಯಿಲ್ಲ, ಒಂದು ಬದಿ ಬಂಡೆ, ಇನ್ನೊಂದು ಬದಿ ಪ್ರಪಾತ. ಜಲ್ಲಿ, ಹಳಿ, ಸೇತುವೆಯ ಉಕ್ಕಿನ ತೊಲೆ (ಗರ್ಡರು) ಏನೇ ಇದ್ದರೂ ಹಳಿಯ ಮೇಲೇ ಬರಬೇಕು. ಕೊಯಮತ್ತೂರಿನಿಂದ ಮೆಟ್ಟುಪಾಳ್ಯಂವರೆಗೆ ಬ್ರಾಡ್‌ಗೇಜ್, ಮುಂದೆ ಅದಕ್ಕಿಂತ ಕಿರಿದಾದ ಮೀಟರ್‌ಗೇಜ್ ಹಳಿ. ಅಲ್ಲಿ ಎಲ್ಲವನ್ನೂ ಇಳಿಸಿ ಸಣ್ಣ ಬಂಡಿಗಳಿಗೆ ತುಂಬಬೇಕು. ಸುಮಾರು ಹನ್ನೆರಡು ಮೀಟರಿಗೆ ಒಂದು ಮೀಟರ್ ಏರುವ ಹಾದಿಯಲ್ಲಿ ಎಂಜಿನ್ ತಳ್ಳಬಲ್ಲ ಭಾರವೂ ಕಡಿಮೆ. ಹೋಲಿಕೆಗೆ ನಮ್ಮ ಸಕಲೇಶಪುರ–ಸುಬ್ರಹ್ಮಣ್ಯ ಘಟ್ಟವನ್ನೇ ನೋಡಿ. 2024ರ ಜುಲೈ 26ರಂದು ಎಡಕುಮೇರಿ–ಕಡಗರವಳ್ಳಿ ನಡುವೆ ಹಳಿಯ ಬುಡ ಜರಿದಾಗ, ಸುರಿಯುವ ಮಳೆಯಲ್ಲೇ ನೂರಾರು ಕಾರ್ಮಿಕರು ಮರಳು ಚೀಲ ಮತ್ತು ಗೇಬಿಯನ್ ಕಟ್ಟಿ, ಸುಮಾರು ಎರಡು ವಾರದಲ್ಲಿ ಪ್ರಯಾಣಿಕರ ರೈಲು ಓಡುವಂತೆ ಮಾಡಿದರು. ಅಲ್ಲೂ ಕಾಡು, ಅಲ್ಲೂ ರಸ್ತೆಯಿಲ್ಲ. ಆದರೆ ಬ್ರಾಡ್‌ಗೇಜ್ ಇದ್ದುದರಿಂದ ಕಲ್ಲು ತುಂಬಿದ ಗೂಡ್ಸ್ ರೈಲನ್ನು ಜರಿದ ಜಾಗದ ಬಾಯಿಗೇ ತರಲು ಆಯಿತು. ಆ ಅನುಕೂಲ ನೀಲಗಿರಿಗಿಲ್ಲ.

ಇನ್ನೊಂದು ತೊಡಕು ಹಲ್ಲುಪಟ್ಟಿಯದ್ದು. ಕಲ್ಲಾರ್–ಕೂನೂರು ನಡುವಿನ ಕಡಿದಾದ ಭಾಗದಲ್ಲಿ ಎರಡು ಹಳಿಗಳ ನಡುವೆ ಹಲ್ಲುಗಳಿರುವ ಜೋಡಿ ಉಕ್ಕಿನ ಪಟ್ಟಿಗಳಿವೆ. ಎಂಜಿನ್ನಿನ ಹಲ್ಲುಗಾಲಿ ಅವುಗಳನ್ನು ಕಚ್ಚಿಕೊಂಡೇ ಹತ್ತುವುದು, ಇಳಿಯುವಾಗ ಹಿಡಿತವೂ ಅದೇ. ಸಾಮಾನ್ಯ ಹಾದಿಯಲ್ಲಿ ಹೊಸ ಒಡ್ಡು ಕೆಲವು ಮಿಲಿಮೀಟರ್ ಕುಗ್ಗಿದರೆ ಜಲ್ಲಿ ತುಂಬಿ, ನಿಧಾನ ಓಡಿಸಿ ಸುಧಾರಿಸಬಹುದು. ಇಲ್ಲಿ ಪಟ್ಟಿಗಳ ಜೋಡಣೆಯಲ್ಲಿ ಅಂತರ ಹೆಚ್ಚುಕಡಿಮೆಯಾದರೆ ಹಲ್ಲು ಹಲ್ಲಿಗೆ ಸರಿಯಾಗಿ ಕೂರುವುದಿಲ್ಲ. ಆದ್ದರಿಂದ ಕಟ್ಟಿದ ಒಡ್ಡು ನೆಲಕಚ್ಚಿ ಕೂತಿದೆಯೆಂದು ಖಚಿತವಾಗುವವರೆಗೆ, ಖಾಲಿ ಗಾಡಿ ಓಡಿಸಿ ಮತ್ತೆ ಮತ್ತೆ ಅಳೆದು ನೋಡುವವರೆಗೆ ಪ್ರಯಾಣಿಕರನ್ನು ಬಿಡುವಂತಿಲ್ಲ. ನಿಮ್ಮ ಟಿಕೆಟ್ ರದ್ದಾದಾಗ ಬೇಸರವಾಗುವುದು ಸಹಜ. ಆ ರದ್ದತಿಯ ಹಿಂದೆ ಇಂಥ ಎಚ್ಚರವಿದೆ ಎಂಬುದನ್ನೂ ದಯವಿಟ್ಟು ನೆನೆಯಿರಿ.

ಸೇತುವೆಗಳ ವಿಷಯದಲ್ಲಿ ನಿಮ್ಮ ಪ್ರಶ್ನೆಗೆ ಬೇರೆಯೇ ಉತ್ತರ. ಹಳೆಯ ಕಲ್ಲಿನ ಕಮಾನುಗಳ ಕಲ್ಲುಗಳನ್ನು ಕೂಡಿಸಿರುವುದು ಸಾಮಾನ್ಯವಾಗಿ ಸುಣ್ಣದ ಗಾರೆ. ಅದು ಸಿಮೆಂಟಿಗಿಂತ ಮೆತ್ತಗೆ. ಬಿಸಿಲಿಗೆ ಹಿಗ್ಗಿ ಚಳಿಗೆ ಕುಗ್ಗುವ ಕಮಾನಿನ ಜೊತೆ ತಾನೂ ಸ್ವಲ್ಪ ಅಲುಗಾಡಿಕೊಳ್ಳುತ್ತದೆ, ಒಳಗಿನ ತೇವವನ್ನು ಹೊರಗೆ ಬಿಡುತ್ತದೆ. ಸಂದು ಬಿಟ್ಟಿತೆಂದು ಅಲ್ಲಿ ಬಿಗಿ ಸಿಮೆಂಟ್ ಮೆತ್ತಿದರೆ ತೇವಕ್ಕೆ ಹೊರಬರಲು ಉಳಿಯುವ ದಾರಿ ಕಲ್ಲೊಂದೇ. ಕೆಲವು ವರ್ಷಗಳಲ್ಲಿ ಗಾರೆ ಗಟ್ಟಿಯಾಗಿಯೇ ಇರುತ್ತದೆ, ಕಲ್ಲಿನ ಮುಖ ಚಕ್ಕೆ ಚಕ್ಕೆಯಾಗಿ ಏಳುತ್ತದೆ. ಅದಕ್ಕೇ ಹಳೆ ಗಾರೆಯನ್ನು ಕೆರೆದು ಅದರ ಗುಣಕ್ಕೆ ಹೊಂದುವ ಸುಣ್ಣದ ಗಾರೆಯನ್ನೇ ತುಂಬಬೇಕು. ಗರ್ಡರ್ ಸೇತುವೆಯಲ್ಲಿ ತುಕ್ಕು ಮೊದಲು ಹಿಡಿಯುವುದು ಗರ್ಡರು ಕಂಬದ ಮೇಲೆ ಕೂರುವ ತುದಿಯಲ್ಲಿ. ಕಸ, ಎಲೆ, ತೇವ ನಿಲ್ಲುವುದು ಅಲ್ಲೇ. ಆ ತುದಿ ರಿಪೇರಿಗೆ ಸ್ಲೀಪರುಗಳನ್ನು (ಹಳಿಯಡಿಗೆ ಹಾಕುವ ಅಡ್ಡ ದಿಮ್ಮಿಗಳನ್ನು) ಅಡ್ಡಡ್ಡ ಪೇರಿಸಿ ಅಟ್ಟಣೆ ಕಟ್ಟಿ, ಜಾಕ್ ಇಟ್ಟು ಗರ್ಡರನ್ನು ಕೊಂಚವೇ ಎತ್ತಿ, ಕೊಳೆತ ಭಾಗ ಬದಲಿಸಿ ಮತ್ತೆ ಇಳಿಸುತ್ತಾರೆ. ಎಲ್ಲಕ್ಕಿಂತ ಹೆಚ್ಚು ಸೇತುವೆಗಳು ಸಾಯುವುದು ಮಾತ್ರ ಕಣ್ಣಿಗೆ ಕಾಣದ ಕಡೆ, ಕಂಬದ ಬುಡದಲ್ಲಿ. ನೆರೆ ಬಂದಾಗ ಹರಿವು ಕಂಬವನ್ನು ಸುತ್ತಿ ಬುಡದ ಮಣ್ಣನ್ನು ಕೊರೆಯುತ್ತದೆ. ನೀರಿಳಿದ ಮೇಲೆ ಗುಂಡಿಗೆ ಹೂಳು ತುಂಬಿ ಏನೂ ಆಗಿಲ್ಲವೆಂಬಂತೆ ಕಾಣುತ್ತದೆ. ಆದ್ದರಿಂದ ಕೋಲು ಚುಚ್ಚಿ ಆಳ ನೋಡಲೇಬೇಕು. ಬುಡ ಟೊಳ್ಳಾಗಿದ್ದರೆ ಅಲ್ಲಿ ಧಾರಾಳವಾಗಿ ಕಾಂಕ್ರೀಟ್ ತುಂಬಲಿ, ಸುತ್ತ ದೊಡ್ಡ ಕಲ್ಲು ಹಾಸಲಿ. ಯಾರ ತಕರಾರೂ ಇರಬಾರದು.

ಇದು ನೀಲಗಿರಿಯೊಂದರ ಕತೆಯಲ್ಲ. 2023ರ ಆಗಸ್ಟ್ 14ರಂದು ಶಿಮ್ಲಾದ ಸಮ್ಮರ್ ಹಿಲ್ ಬಳಿ ಗುಡ್ಡ ಕುಸಿದಾಗ ಕಾಲ್ಕಾ–ಶಿಮ್ಲಾ ರೈಲಿನ ಬುಡವೇ ಕೊಚ್ಚಿಹೋಗಿ ಹಳಿಗಳು ಗಾಳಿಯಲ್ಲಿ ನೇತಾಡಿದ ಚಿತ್ರವನ್ನು ನೀವೂ ನೋಡಿರಬಹುದು. ಶಿಮ್ಲಾಗೆ ರೈಲು ಮತ್ತೆ ಹತ್ತಿದ್ದು ಅಕ್ಟೋಬರಿನಲ್ಲಿ. ಡಾರ್ಜಿಲಿಂಗಿನದ್ದು ಇನ್ನೂ ಕಷ್ಟದ ಕಾಲ. 2010ರಲ್ಲಿ ಪಾಗಲಾಝೋರಾದ ಕುಸಿತ ರಸ್ತೆಯನ್ನೂ ಹಳಿಯನ್ನೂ ಒಟ್ಟಿಗೆ ನುಂಗಿತು, ಮರುವರ್ಷ ತಿಂಧಾರಿಯಾ ಬಳಿಯೂ ಜರಿಯಿತು. ನ್ಯೂ ಜಲ್ಪಾಯ್‌ಗುಡಿಯಿಂದ ಡಾರ್ಜಿಲಿಂಗಿಗೆ ನೇರ ರೈಲು ಮರಳಿದ್ದು 2014ರ ಡಿಸೆಂಬರಿನಲ್ಲಿ. ಅದೇ ರೈಲಿನ ಹಳೆಯ ಸುತ್ತುಗಳಲ್ಲಿ (ಎತ್ತರ ಏರಲು ಹಳಿ ವೃತ್ತವಾಗಿ ಸುತ್ತುವ ಜಾಗಗಳಲ್ಲಿ) ಎರಡನ್ನು, 1942ರಲ್ಲಿ ಒಂದು, 1991ರಲ್ಲಿ ಇನ್ನೊಂದು, ನೆರೆಗೆ ಹಾಳಾದ ಮೇಲೆ ಬಿಟ್ಟೇಬಿಟ್ಟರು. ಕೆಲವು ಜಾಗಗಳಲ್ಲಿ ಹಟ ಹಿಡಿದು ಮರಳಿ ಕಟ್ಟುವುದಕ್ಕಿಂತ ಹಾದಿಯನ್ನು ಸರಿಸುವುದೇ ಸರಿ.

ಪಾರಂಪರಿಕ ಎಂಬ ಪಟ್ಟವೇ ಅಡ್ಡಿಯೇ ಎಂದು ಕೇಳುವವರಿದ್ದಾರೆ. 2005ರಲ್ಲಿ ನೀಲಗಿರಿ ರೈಲು ಯುನೆಸ್ಕೊ ಪಟ್ಟಿಗೆ ಸೇರಿದ್ದು ಇಂದಿಗೂ ಓಡುವ ರೈಲಾಗಿ. ಸವೆದ ಹಳಿ, ಕೊಳೆತ ಸ್ಲೀಪರ್ ಬದಲಿಸುವುದು ಅದಕ್ಕೆ ಸಹಜ. ಕಲ್ಲಿನ ಕಮಾನನ್ನು ಕೆಡವಿ ಪೆಟ್ಟಿಗೆಯಂಥ ಕಾಂಕ್ರೀಟ್ ಮೋರಿ ಇಟ್ಟರೆ ಹೋಗುವುದು ಅಂದ ಮಾತ್ರವಲ್ಲ, ಆ ಬೆಟ್ಟದಲ್ಲಿ ಹೇಗೆ ಕಟ್ಟಬೇಕೆಂದು ಒಂದು ತಲೆಮಾರು ಕಲಿತ ಪಾಠವೂ.

ನನ್ನನ್ನು ಕೇಳಿದರೆ ಹಣ ಮೊದಲು ಹೋಗಬೇಕಾದದ್ದು ಗೋಡೆಗಲ್ಲ, ಹಳಿಯ ಮೇಲ್ಗಡೆಯ ಚರಂಡಿಗೆ ಮತ್ತು ಅದನ್ನು ಬಿಡಿಸುವ ಗ್ಯಾಂಗಿನವರಿಗೆ. ನೂರು ವರ್ಷದ ಹಿಂದೆ ಮೋರಿಗಳ ಬಾಯಿ ಅಳೆದಾಗ ಮೇಲಿನ ಇಳಿಜಾರುಗಳಲ್ಲಿ ಇಷ್ಟು ಮನೆ, ಹೋಟೆಲು, ಡಾಂಬರು ರಸ್ತೆ ಇರಲಿಲ್ಲ. ಈಗ ಇವೆಲ್ಲದರ ನೀರು ಇಂಗದೆ ಒಟ್ಟಾಗಿ ಇಳಿದು, ಅದೇ ಹಳೆ ಬಾಯಿಗೆ ಬಂದು ನುಗ್ಗುತ್ತದೆ. ಆ ಬಾಯಿಗೆ ಒಂದು ಕೊಂಬೆ, ನಾಲ್ಕು ಪ್ಲಾಸ್ಟಿಕ್ ಬಾಟಲಿ ಸಿಕ್ಕಿಕೊಂಡರೂ ಸಾಕು, ನೀರು ಒಡ್ಡಿನ ಮೇಲೇ ಹರಿಯುತ್ತದೆ. ಮಳೆಗೆ ಮುಂಚೆ ಹಾರೆ ಗುದ್ದಲಿ ಹಿಡಿದು ಮೋರಿ ಮೋರಿಗೂ ಇಳಿಯುವ, ಮಳೆಯ ರಾತ್ರಿಗಳಲ್ಲಿ ಟಾರ್ಚು ಹಿಡಿದು ಹಳಿಯುದ್ದಕ್ಕೂ ನಡೆಯುವ ಆ ಕಾರ್ಮಿಕರ ಸಂಖ್ಯೆಯನ್ನು ಎಲ್ಲಿಯೂ ಕಡಿಮೆ ಮಾಡಬಾರದು. ಉಬ್ಬಿದ ಗೋಡೆ, ವಾಲಿದ ಮರ, ತಿಳಿಯಾಗಿದ್ದ ತೊರೆ ಇದ್ದಕ್ಕಿದ್ದಂತೆ ಕೆಂಪಾಗುವುದು ಮೊದಲು ಕಾಣುವುದು ಅವರ ಕಣ್ಣಿಗೆ.

ಮುಂದಿನ ಸಲ ಟಿಕೆಟ್ ಮಾಡಿಸುವಾಗ ಒಂದು ವಿಷಯ ಗಮನಿಸಿ. ಕುಸಿತಗಳು ಹೆಚ್ಚಾಗಿ ಆಗುವುದು ಕಲ್ಲಾರ್–ಕೂನೂರು ನಡುವಿನ ಏರಿನಲ್ಲಿ. ಆ ಭಾಗ ಮುಚ್ಚಿದ್ದಾಗಲೂ ಕೂನೂರು–ಊಟಿ ನಡುವೆ ರೈಲು ಎಷ್ಟೋ ಬಾರಿ ಓಡುತ್ತಿರುತ್ತದೆ. ಮೈಸೂರು ಕಡೆಯಿಂದ ಬಂಡೀಪುರದ ಮೇಲೆ ಹೋಗುವವರು ಹೇಗೂ ಊಟಿಯಲ್ಲೇ ಇಳಿಯುವುದರಿಂದ ಕೂನೂರಿಗೆ ಹೋಗಿಬರಬಹುದು. ಹಲ್ಲುಪಟ್ಟಿಯ ಹಾದಿಯನ್ನೇ ನೋಡಬೇಕೆಂದಿದ್ದರೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ತಿಂಗಳುಗಳನ್ನು ಬಿಟ್ಟು, ಜನವರಿಯ ನಂತರದ ದಿನ ನೋಡಿಕೊಳ್ಳಿ.